ಹದಿನೈದು ನಿಮಿಷ

ಗೋಡೆಯ ಮೇಲೆ ಹಳದಿ ಚೀಟಿ,
ಚೀಟಿಯಲ್ಲಿ ನಾವು ಹುಟ್ಟಿಸಿದ ಹೆಂಗಸು:
ಹೆಸರು ರೂತಾ, ವಯಸ್ಸು ಮೂವತ್ತನಾಲ್ಕು,
ಒಂದು ಕೈಯಲ್ಲಿ ಕಾಫಿ,
ಇನ್ನೊಂದರಲ್ಲಿ ಹೊಸ ಫೋನು.
ಅವಳಿಗೆ ಮಂಡಿನೋವಿಲ್ಲ,
ಕನ್ನಡಕ ಎಲ್ಲಿಟ್ಟೆನೆಂದು ತಡಕಾಡಿದ ದಿನವಿಲ್ಲ.
ತಿಂಗಳ ಕೊನೆಗೆ ಮೀಟರಿನ ಅಂಕಿ ಒತ್ತಿ
ಎರಡೇ ನಿಮಿಷದಲ್ಲಿ ಮುಗಿಸಿ ನಗುತ್ತಾಳೆ.
ಆ ನಗುವನ್ನೂ ನಾವೇ ಬರೆದದ್ದು.

ಹದಿನೈದು ನಿಮಿಷ ಯಾರೂ ಮುಟ್ಟದಿದ್ದರೆ
ಪುಟ ತಾನೇ ಮುಚ್ಚಿಕೊಳ್ಳಲಿ ಎಂದವನು ನಾನು.
ಸುರಕ್ಷತೆ, ಎಂದೆ.
ಯಾರೂ ಎದುರಾಡಲಿಲ್ಲ;
ಊಟದ ಹೊತ್ತಾಗಿತ್ತು.

ಕ್ಲೈಪೆಡಾದ ಬಂದರಿನ ಹಿಂದೆ ಐದಂತಸ್ತಿನ ಹಳೆಯ ಕಟ್ಟಡ.
ಲಿಫ್ಟಿಲ್ಲ. ಮಾರ್ಚ್ ಮೂವತ್ತೊಂದು.
ಆಲ್ದೊನಾ ಸ್ಟ್ರಾಜ್ದಿಯೆನೆ ಬಾಗಿಲು ತೆರೆದರು.
ಸುಮ್ಮನೆ ನೋಡಲು ಬಂದವನು,
ನಾನು ಇಲ್ಲವೆಂದೇ ತಿಳಿಯಿರಿ, ಎಂದೆ.
"ಇಲ್ಲದವರ ಜೊತೆ ನನಗೆ ರೂಢಿಯಿದೆ" ಎಂದು
ಚಹಾಕ್ಕೆ ನೀರಿಟ್ಟರು.

ಅಡುಗೆಮನೆಯ ಕಿಟಕಿಯಲ್ಲಿ ಕಂಪ್ಯೂಟರು,
ಯಾವುದೋ ಶಾಲೆ ಹರಾಜಿಗೆ ಹಾಕಿದ್ದು,
ಅರ್ಧ ಕೀಲಿಗಳ ಅಕ್ಷರ ಸವೆದಿದೆ.
ಕೋಳಿ ಕಾಳು ಹೆಕ್ಕುವಂತೆ ಒಂದೇ ಬೆರಳಲ್ಲಿ
ಪಾಸ್‌ವರ್ಡ್ ಹೆಕ್ಕಿದರು.
ಪುಟ ತೆರೆಯಿತು: ನಮಸ್ಕಾರ, ವಿಂತ್ಸಾಸ್!
"ಅವರು ಹೋಗಿ ಎರಡು ವರ್ಷವಾಯ್ತು" ಎಂದರು
ನನ್ನ ಕಡೆ ತಿರುಗದೆ,
"ಇದಕ್ಕೆ ಯಾರೂ ತಿಳಿಸಿಲ್ಲ."

ಪುಟ ಅಂಕಿ ಕೇಳಿತು.
ಅಂಕಿ ಇದ್ದದ್ದು ನೆಲಮಾಳಿಗೆಯಲ್ಲಿ.

ಬ್ರೆಡ್ಡು ಸುತ್ತಿದ ಕಾಗದದಿಂದ ಒಂದು ಚೂರು ಹರಿದು,
ಪೆನ್ಸಿಲನ್ನು ಮುಡಿಗೆ ಸಿಕ್ಕಿಸಿ, ಟಾರ್ಚು ಹಿಡಿದರು.
ಮೆಟ್ಟಿಲು ಎಂಬತ್ತೆಂಟು. ನಾನು ಎಣಿಸಿದೆ.
ಅವರು ಎಣಿಸಲಿಲ್ಲ, ಅವರ ಮಂಡಿ ಎಣಿಸಿತು.
ಮೂರನೆಯ ಅಂತಸ್ತಿನ ನಾಯಿಗೆ ಎರಡು ಮಾತು,
ಕೆಳಗೆ ತುಕ್ಕು ಹಿಡಿದ ಬೀಗಕ್ಕೆ ಎರಡು ಬೈಗುಳ,
ಯಾರದೋ ಸೈಕಲ್ಲು, ಉಪ್ಪುನೀರಿನ ಸೌತೆಯ ಭರಣಿಗಳು,
ಅವುಗಳಾಚೆ ಮೀಟರು.
ಸ್ಕಾರ್ಫಿನ ತುದಿಯಿಂದ ಗಾಜು ಒರೆಸಿ
ಬಾಗಿ, ಮತ್ತೂ ಬಾಗಿ,
ಸೊನ್ನೆ, ನಾಲ್ಕು, ಏಳು,
ಏಳೋ, ಒಂದೋ?
ಯಾರೋ ಪಕ್ಕದಲ್ಲಿ ಬರೆದುಕೊಳ್ಳುತ್ತಿರುವಂತೆ
ಗಟ್ಟಿಯಾಗಿ ಓದಿದರು.
ಆಮೇಲೆ ನೆನಪಾಗಿ
ತಾವೇ ಬರೆದುಕೊಂಡರು.

ಹತ್ತುವಾಗ ಪ್ರತಿ ತಿರುವಿಗೂ ನಿಂತರು.
ನೋಡಲು ಬಂದವನು ಕೈ ಹಿಡಿಯಬಾರದೆಂದು
ನಮ್ಮ ಕೈಪಿಡಿಯಲ್ಲಿದೆ.
ಎರಡು ತಿರುವಿನವರೆಗೆ ಕೈಪಿಡಿಯ ಮಾತು ಕೇಳಿದೆ.
ಮೂರನೆಯದರಲ್ಲಿ,
ಟಾರ್ಚನ್ನಾದರೂ ಕೊಡಿ, ಎಂದೆ.

ಮೇಲೆ ಬಂದಾಗ ಚಹಾ ಆರಿತ್ತು.
ನಿಮ್ಮ ಸಮಯ ಮುಗಿದಿದೆ
ಎಂಬ ಕೆಂಪು ಅಕ್ಷರ.
ಆ ವಾಕ್ಯವೂ ನನ್ನದೇ.
ಎಪ್ಪತ್ತೊಂಬತ್ತರ ಹೆಂಗಸು ಏದುಸಿರಿನಲ್ಲಿ ನಿಂತು
ಅದನ್ನು ಪೂರ್ತಿ ಓದಿ ನಕ್ಕರು:
"ಪ್ರತಿ ತಿಂಗಳೂ ಹೀಗೇ ಹೆದರಿಸುತ್ತೆ.
ನಾನು ಹೂಂ ಅಂತೀನಿ, ಮತ್ತೆ ಶುರು ಮಾಡ್ತೀನಿ."

ಮತ್ತೆ ಕೋಳಿ, ಮತ್ತೆ ಕಾಳು.

ಮೊದಲೇ ಕೆಳಗಿಳಿದು ಬರೆದು ತಂದು
ಆಮೇಲೆ ಪುಟ ತೆರೆಯಬಹುದಲ್ಲ, ಎಂದೆ.
ಬಾಯಿ ಮುಚ್ಚಿಕೊಂಡಿರಬೇಕಾದವನು.
ಚಹಾ ಮತ್ತೆ ಬಿಸಿಗಿಟ್ಟರು.
"ಮೊದಲು ಹೆಸರು ನೋಡ್ತೀನಿ" ಎಂದರು,
"ಆಗ ಇಳಿಯೋಕೆ ಕಾಲು ಬರುತ್ತೆ."

ಕಚೇರಿಗೆ ಬಂದು ರೂತಾಳನ್ನು ಕಿತ್ತೆ.
ಗೋಡೆಯಲ್ಲಿ ಅವಳಷ್ಟಗಲದ ಅಂಟು ಉಳಿಯಿತು.
ಹೊಸ ಚೀಟಿಯಲ್ಲಿ ಬರೆದೆ:
ಮೆಟ್ಟಿಲು ಎಂಬತ್ತೆಂಟು.
ಇಳಿದು ಹತ್ತಲು ಇಪ್ಪತ್ತಾರು ನಿಮಿಷ, ನಾಯಿ ಸೇರಿ.
ಏಳು ಒಂದರಂತೆ ಕಾಣುತ್ತದೆ.
ಪುಟ ಕಾಯಲಿ, ದಿನವಿಡೀ ಬೇಕಾದರೂ ಕಾಯಲಿ.
ಇಷ್ಟನ್ನೆಲ್ಲ ಉರ್ತೆ ಮಧ್ಯಾಹ್ನದೊಳಗೆ ಸರಿಮಾಡಿದಳು.
ಆಮೇಲೆ ತಲೆಯೆತ್ತಿ ಕೇಳಿದಳು:
ಸತ್ತವರ ಹೆಸರಿಗೆ ನಮಸ್ಕಾರ ಹೇಳುತ್ತಿದೆಯಲ್ಲ,
ದೋಷಗಳ ಪಟ್ಟಿಗೆ ಸೇರಿಸಲೇ?

ಸೇರಿಸು, ಎಂದೆ.
ಅವಳ ಬೆರಳು ಕೀಲಿಗೆ ಹೋಗುವಷ್ಟರಲ್ಲಿ
ಕೊನೆಗೆ ಸೇರಿಸು, ಎಂದೆ,
ತೀರಾ ಕೊನೆಗೆ.